ಗುಡ್ಡದ ಮೇಲಿನ ಹೊಳಿ ಓಣಿ

ಮನುಷ್ಯ ಚಂಚಲ, ಭೂಗೋಳ ಸ್ಥಿರ. ಅರಸರು ಬರುತ್ತಾರೆ, ಹೋಗುತ್ತಾರೆ. ಗುಡ್ಡ ಇದ್ದಲ್ಲೇ ಇರುತ್ತದೆ, ಹೊಳೆ ಹರಿಯುವಲ್ಲೇ ಹರಿಯುತ್ತದೆ. ಈ ಗಂಭೀರ ಸತ್ಯವನ್ನು ಹೈಸ್ಕೂಲಿನ ಮಕ್ಕಳಿಗೆ ಹೇಳುತ್ತಲೇ ನಾನು ಕೂದಲು ಬೆಳ್ಳಗೆ ಮಾಡಿಕೊಂಡು ನಿವೃತ್ತನಾದೆ. ಸತ್ಯದಲ್ಲಿ ಒಂದೇ ಒಂದು ಕೊರತೆಯಿತ್ತು. ಅದು ನಮ್ಮೂರಿಗೆ ಅನ್ವಯಿಸುತ್ತಿರಲಿಲ್ಲ. ನಮ್ಮೂರಿನಲ್ಲಿ ಹೊಳಿ ಓಣಿ ಗುಡ್ಡದ ನೆತ್ತಿಯ ಮೇಲಿದೆ. ಗುಡ್ಡದ ಓಣಿ ಕೆಳಗೆ ಹಳ್ಳದ ದಂಡೆಗಿದೆ.

ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಯಾರಾದರೂ ಹುಡುಕಿಕೊಂಡು ಬಂದೀರಿ, ಬಂದವರು ದಾರಿ ತಪ್ಪೀರಿ, ತಪ್ಪಿದ್ದಕ್ಕೆ ಭೂಗೋಳದ ಮಾಸ್ತರನ ಹೆಸರು ಕೆಟ್ಟೀತು. ಬೈಲಹೊಂಗಲದಿಂದ ಸವದತ್ತಿ ಕಡೆಗೆ ಹೊರಟವರು ನಡುವೆ ಎಲ್ಲೋ ಒಂದು ಕಡೆ ಒಳದಾರಿ ಹಿಡಿಯಬೇಕು ಎಂದಷ್ಟು ತಿಳಿದಿದ್ದರೆ ಸಾಕು.

ಇದೆಲ್ಲ ಈಗ ನೆನಪಾಗಲು ಕಾರಣ ನನ್ನ ಮೊಬೈಲು. ನಿವೃತ್ತನಿಗೆ ಮಧ್ಯಾಹ್ನದ ಊಟಕ್ಕೂ ಸಂಜೆಯ ಚಹಾಕ್ಕೂ ನಡುವೆ ಒಂದು ಬಯಲು ಬೀಳುತ್ತದೆ. ಆ ಬಯಲಿನಲ್ಲಿ ಕುಳಿತು ನಾನು ಎಂದೂ ಹೋಗದ, ಹೋಗುವ ಸಂಭವವೂ ಇಲ್ಲದ ಊರುಗಳ ವಿವರ ಓದುತ್ತೇನೆ. ಮೊನ್ನೆ ಸಿಕ್ಕದ್ದು ಫ್ರಾನ್ಸ್ ದೇಶದ ದಕ್ಷಿಣದ ಅಂಚಿನ, ಬಾಸ್ಕ್ ಜನರ ನಾಡಿನ ಒಂದು ಹಳ್ಳಿ. ಸುತ್ತ ಗುಡ್ಡ, ಪಕ್ಕದಲ್ಲಿ ಹೊಳೆ. ಬರೆದವನು ಯಾರೋ ಪುಣ್ಯಾತ್ಮ. ಊರ ಮೈಮೇಲೆ ಹರಿಯುವ ಪ್ರತಿಯೊಂದು ಹಳ್ಳದ ಹೆಸರು, ಅದು ಯಾವ ತೊರೆಗೆ ಸೇರುತ್ತದೆ, ಆ ತೊರೆ ಯಾವ ಹೊಳೆಗೆ, ಯಾವ ದಿಕ್ಕಿಗೆ ಯಾವ ಊರಿನ ಗಡಿ ಎಂದು ಒಂದನ್ನೂ ಬಿಡದೆ ಬರೆದಿದ್ದಾನೆ. ಆ ಕಡೆ ಮನೆಮನೆಗೂ ಹೆಸರಿರುತ್ತದಂತೆ. ಮನೆಯ ಹೆಸರೇ ಮನೆಯವರ ಹೆಸರೂ ಆಗುತ್ತದಂತೆ. ಓದಿ ನನಗೆ ಸಣ್ಣಗೆ ಹೊಟ್ಟೆಕಿಚ್ಚಾಯಿತು. ನಮ್ಮೂರಿನ ಪುಟವೂ ಇದೆಯೇ ಎಂದು ಹುಡುಕಿದೆ. ಇತ್ತು. ‘ಇದು ಒಂದು ಹಳ್ಳಿ’ ಎಂಬಲ್ಲಿಗೆ ಮುಗಿದಿತ್ತು. ಸುಳ್ಳೇನಲ್ಲ.

ಪಕ್ಕದ ಮನೆಯಿಂದ ಚಿಗವ್ವ ಬಂದಳು. ಚಿಗವ್ವ ಎಂದರೆ ನನ್ನ ಕಾಕಾನ ಹೆಂಡತಿ, ನೀಲವ್ವ. ಕಾಕಾನಿಗಿಂತ ಗಟ್ಟಿ, ನನಗಿಂತಲೂ ಗಟ್ಟಿ; ಮೊಣಕಾಲು ಮಾತ್ರ ಈಚೆಗೆ ಅವಳ ಮಾತು ಕೇಳುವುದಿಲ್ಲ.

“ಏನ ಓದಾಕ ಹತ್ತೀಯೋ, ಅಷ್ಟ ಮುಖಾ ಗಂಟ ಹಾಕ್ಕೊಂಡು?”

“ಪರದೇಶದ ಒಂದ ಊರಿಂದು ಚಿಗವ್ವಾ. ಗುಡ್ಡ ಐತಿ, ಹೊಳಿ ಐತಿ, ಎಲ್ಲಾ ಬರದಾರ.”

“ಹೊಳಿ ಓಣಿ ಐತೇನು?”

“ಓಣೀದು ಬರದಿಲ್ಲ.”

“ಹಂಗಾರ ಅರ್ಧಾ ಬರದಾರ ಬಿಡು,” ಎಂದು ಕುಳಿತಳು.

ನಮ್ಮೂರಿನ ಭೂಗೋಳ ತಲೆಕೆಳಗಾದದ್ದು ಹೀಗೆ. ಮೊದಲಿನ ಊರು ಮಲಪ್ರಭೆಯ ದಂಡೆಗಿತ್ತು. ಕೆಳಗೆ, ನೀರಿಗೆ ಹತ್ತಿಕೊಂಡು ಹೊಳಿ ಓಣಿ. ನಡುವೆ ಹನುಮಪ್ಪನ ಗುಡಿ ಮತ್ತು ನಡುವಿನ ಓಣಿ. ಮೇಲೆ, ಗುಡ್ಡಕ್ಕೆ ಬೆನ್ನು ಹಚ್ಚಿ ಗುಡ್ಡದ ಓಣಿ. ಹೆಸರಿಗೂ ನೆಲಕ್ಕೂ ಜಗಳವಿರದಿದ್ದ ಕಾಲ. ನವಿಲುತೀರ್ಥದಲ್ಲಿ ಡ್ಯಾಮು ಎದ್ದಿತು. ನೀರು ಹಿಂದೆ ಸರಿದು ಸರಿದು ನಮ್ಮ ಕಡೆಗೆ ಬಂತು. ಊರಿಗೆ ಊರೇ ಎತ್ತರದ ಜಾಗಕ್ಕೆ ಎದ್ದು ಹೋಗಬೇಕೆಂದಾಯಿತು.

ಮೊದಲು ನೀರು ಬರುವುದು ಯಾರ ಮನೆಗೆ? ಹೊಳಿ ಓಣಿಗೆ. ಆದ್ದರಿಂದ ಮೊದಲು ಗಾಡಿ ಕಟ್ಟಿದವರು ನಾವು. ಹೊಸ ಜಾಗವೋ ಒಂದು ಇಳಿಜಾರು. ಮೊದಲು ಹೋದವರು ಏನು ಮಾಡುತ್ತಾರೆ? ಒಮ್ಮೆ ನೀರು ಕಂಡು ಓಡಿದವರು ಎರಡನೆಯ ಸಲ ತಗ್ಗಿನಲ್ಲಿ ಮನೆ ಕಟ್ಟುವುದಿಲ್ಲ. ನಮ್ಮ ಓಣಿಯವರೆಲ್ಲ ನೇರ ನೆತ್ತಿಗೆ ಹೋಗಿ ಗೂಟ ಬಡಿದರು. ನಡುವಿನ ಓಣಿಯವರು ನಡುವಿಗೇ ಬಂದರು. ಅವರ ಬದುಕಿನಲ್ಲಿ ಯಾವ ಬದಲಾವಣೆಯೂ ಆಗಲಿಲ್ಲ, ಈಗಲೂ ಆಗುವುದಿಲ್ಲ. ಗುಡ್ಡದ ಓಣಿಯವರು ‘ನಮ್ಮ ಕಡೆ ನೀರು ಬರೂದ ಯಾವಾಗೋ’ ಎಂದು ಕಡೆತನಕ ಕುಳಿತರು. ಕಡೆಗೆ ಬಂದಾಗ ಉಳಿದದ್ದು ಹಳ್ಳದ ದಂಡೆ. ಹೀಗೆ ಎಲ್ಲರೂ ಸರಿಯಾಗಿ ಯೋಚಿಸಿದ್ದರಿಂದಲೇ ಊರು ಬುಡಮೇಲಾಯಿತು.

ಆ ಗಾಡಿಗಳ ಸಾಲು ನನಗೆ ಮಸುಕಾಗಿ ನೆನಪಿದೆ. ಮನೆಯ ಬಾಗಿಲು, ಚೌಕಟ್ಟು, ಕಂಬ ಎಲ್ಲವನ್ನೂ ಕಿತ್ತು ಹೇರಿದ್ದರು. ಗಾಡಿಯ ಮೇಲೆ ಮಲಗಿಸಿದ ನಮ್ಮ ತಲಬಾಗಿಲ ಮೇಲೆ ನನ್ನನ್ನು ಕೂಡಿಸಿದ್ದರು. ಬಾಗಿಲ ಮೇಲೆ ಕುಳಿತು ಊರು ಬಿಟ್ಟ ಗಾಂಭೀರ್ಯ ನನ್ನ ಮುಖದಲ್ಲಿ ಈಗಲೂ ಉಳಿದಿದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ.

ಬಾಗಿಲು ಬಂತು, ಕಂಬ ಬಂತು, ಅವುಗಳ ಜೊತೆ ಮಾತೂ ಬಂತು. ಹಳೆಯ ಊರಿನಲ್ಲಿ ಹೊಳಿ ಓಣಿಗೆ ‘ಇಳಿದು’ ಹೋಗಬೇಕಿತ್ತು, ಗುಡ್ಡದ ಓಣಿಗೆ ‘ಏರಿ’ ಹೋಗಬೇಕಿತ್ತು. ಹೊಸ ಊರಿನಲ್ಲಿ ಅದೇ ಮಾತು ಮುಂದುವರಿಯಿತು. ನೆತ್ತಿಯ ಮೇಲಿನ ನಮ್ಮ ಮನೆಗೆ ಏದುಸಿರು ಬಿಡುತ್ತ ಬಂದವರು ತಂಬಿಗೆಯ ನೀರು ಮುಖಕ್ಕೆ ಎರಚಿಕೊಂಡು, “ಹಂಗ ಹೊಳಿ ಓಣಿಗೆ ಇಳದ ಬಂದ್ವಿ ನೋಡ್ರಿ,” ಎನ್ನುತ್ತಾರೆ. ಇಲ್ಲಿಂದ ದುಡುದುಡು ಕೆಳಗೆ ಓಡುವ ಮಕ್ಕಳು, “ಗುಡ್ಡದ ಓಣಿಗೆ ಏರಿ ಹೋಗಿ ಬರ್ತೇವಿ,” ಎಂದು ಕೂಗಿ ಹೋಗುತ್ತವೆ. ಹಳೆಯ ಊರನ್ನು ಕಣ್ಣಿಂದ ಕಾಣದ ಮಕ್ಕಳು! ನೀರು ಮೇಲಿನಿಂದ ಕೆಳಕ್ಕೆ ಹರಿಯುತ್ತದೆ ಎಂದು ಈ ಮಕ್ಕಳಿಗೆ ಕಲಿಸುವುದು ಎಂಥ ಕಷ್ಟ ಎಂಬುದನ್ನು ಶಿಕ್ಷಣ ಇಲಾಖೆ ಎಂದೂ ಅರ್ಥಮಾಡಿಕೊಳ್ಳಲಿಲ್ಲ.

ಹಳೆಯ ಊರು ಪೂರಾ ಹೋಗಿಲ್ಲ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಒಮ್ಮೊಮ್ಮೆ ಬೆನ್ನು ತೋರಿಸುತ್ತದೆ. ಒಂದು ವರ್ಷ ನಾನೂ ಚಿಗವ್ವನೂ ಹೋಗಿದ್ದೆವು. ನಮ್ಮ ಮನೆಯ ಜಾಗದಲ್ಲಿ ಯಾರೋ ಪರವೂರಿನವರು ಸೌತೆ ಬಳ್ಳಿ ಹಬ್ಬಿಸಿದ್ದರು. ಚಿಗವ್ವ ಎರಡು ಹೆಜ್ಜೆ ಹಿಂದೆ, ಒಂದು ಹೆಜ್ಜೆ ಎಡಕ್ಕೆ ಸರಿದು ಲೆಕ್ಕ ಹಾಕಿ, ಬಗ್ಗಿ ಒಂದು ಎಳೆಯ ಕಾಯಿ ಹರಿದು ಕಚ್ಚಿದಳು. ಬಳ್ಳಿ ಹಬ್ಬಿಸಿದವನು ದೂರದಿಂದ ಒದರಿದ. ಇವಳು ಅಲ್ಲಿಂದಲೇ, “ನಮ್ಮ ಅಡಗಿಮನ್ಯಾಗ ಬೆಳದದ್ದೋ ತಮ್ಮಾ! ಯಾರನ್ನ ಕೇಳಬೇಕ ನಾ?” ಎಂದಳು. ಅವನಿಗೆ ತಿಳಿಯಲಿಲ್ಲ. ಆದರೂ ಇನ್ನೆರಡು ಕಾಯಿ ಹರಿದುಕೊಟ್ಟ. ಮಲಪ್ರಭೆಯ ದಂಡೆಯ ಜನ ಹಾಗೆಯೇ.

ಇನ್ನು ನಮ್ಮೂರಿನ ಒಂದು ಪದ್ಧತಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಊರಲ್ಲಿ ಯಾರದೇ ಲಗ್ನವಿರಲಿ, ಅರಿಷಿಣ ಹಚ್ಚಿ ನೀರು ಹಾಕುವಾಗ ಮೊದಲ ಕೊಡ ಹೊಳಿ ಓಣಿಯ ಮುತ್ತೈದೆಯೇ ತರಬೇಕು. ಹಳೆಯ ಊರಿನಲ್ಲಿ ಇದಕ್ಕೆ ಅರ್ಥವಿತ್ತು. ಹೊಳೆಗೆ ಹತ್ತಿರವಿದ್ದವರು ಹೊಳೆಯ ನೀರು ತರುತ್ತಿದ್ದರು. ಆ ಕೊಡ ನಮ್ಮ ಮನೆತನಕ್ಕೆ ಸೇರಿತ್ತು. ಚಿಗವ್ವ ಸೊಸೆಯಾಗಿ ಬಂದ ಹೊಸದರಲ್ಲಿ ಅವಳ ಅತ್ತೆ ಅವಳನ್ನು ಹೊಳೆಗೆ ಇಳಿಯುವ ಕಲ್ಲಿನ ಪಾವಟಿಗೆಗಳ ಮೇಲೆ ನಿಲ್ಲಿಸಿ, ತುಂಬಿದ ಕೊಡವನ್ನು ಸೊಂಟಕ್ಕೆ ಏರಿಸಿ, “ಇನ್ನ ನಿಂದು” ಎಂದಳಂತೆ.

ಹೊಸ ಊರಿನಲ್ಲಿ ಹೊಳೆ ಎಲ್ಲಿ ಬರಬೇಕು? ಸಿಹಿನೀರಿನ ಬಾವಿ ಇದ್ದದ್ದು ಕೆಳಗೆ, ಹಳ್ಳದ ದಂಡೆಗೆ, ಗುಡ್ಡದ ಓಣಿಯಲ್ಲಿ. ಆದ್ದರಿಂದ ಗುಡ್ಡದ ಓಣಿಯಲ್ಲಿ ಲಗ್ನವಾದರೆ ನಡೆಯುತ್ತಿದ್ದದ್ದು ಇದು: ಚಿಗವ್ವ ಹೊತ್ತು ಮೂಡುವ ಮೊದಲೇ ನೆತ್ತಿಯಿಂದ ಕೆಳಗಿಳಿದು, ಲಗ್ನದ ಮನೆಯ ಎದುರಿಗೇ ಇರುವ ಬಾವಿಯಲ್ಲಿ ಕೊಡ ತುಂಬಿಕೊಂಡು, ಮತ್ತೆ ಗುಡ್ಡ ಹತ್ತಿ ಹೊಳಿ ಓಣಿಗೆ ತಂದು, ಪೂಜೆ ಮಾಡಿ, ಅದೇ ನೀರನ್ನು ಹೊತ್ತು ಮತ್ತೆ ಕೆಳಗಿಳಿದು, ಆ ಬಾವಿಯ ಎದುರಿನ ಮನೆಗೇ ಮುಟ್ಟಿಸುವುದು. ಜಗತ್ತಿನ ನದಿಗಳ ಬಗ್ಗೆ ನನಗೆ ಅಷ್ಟಿಷ್ಟು ಗೊತ್ತು. ಉಗಮದಿಂದ ಹೊರಟು, ಗುಡ್ಡ ಹತ್ತಿ, ಅರಿಷಿಣ ಕುಂಕುಮ ಹಚ್ಚಿಸಿಕೊಂಡು, ಉಗಮಕ್ಕೇ ಬಂದು ಸೇರುವ ನದಿ ಇನ್ನೊಂದಿಲ್ಲ.

“ಅಲ್ಲೇ ತುಂಬಿ ಅಲ್ಲೇ ಕೊಟ್ಟರ ಆಗಂಗಿಲ್ಲೇನು?” ಎಂದು ನಾನು ಒಮ್ಮೆ ಕೇಳಿದ್ದೆ.

“ಅದು ಬಾವಿ ನೀರು. ನಮ್ಮ ಓಣಿ ಮುಟ್ಟಿದ ಮ್ಯಾಲ ಹೊಳಿ ನೀರು. ಅಷ್ಟ ತಿಳಿಯಂಗಿಲ್ಲ, ಮಾಸ್ತರಕಿ ಮಾಡ್ತಿ,” ಎಂದಿದ್ದಳು.

ಕೊಡ ಹೊರಲು ಮುತ್ತೈದೆಯೇ ಆಗಬೇಕಾದ್ದರಿಂದ ನಮ್ಮ ಕಾಕಾನ ಆರೋಗ್ಯ ಊರಿನ ಸಾರ್ವಜನಿಕ ಆಸ್ತಿಯಾಗಿದೆ. ಲಗ್ನದ ಮುಹೂರ್ತ ತೆಗೆಸುವ ಮೊದಲು ಮನೆಯ ಹಿರಿಯರು ಬಂದು ಅವನ ಕೆಮ್ಮು ವಿಚಾರಿಸಿ ಹೋಗುತ್ತಾರೆ.

ಹೋದ ವರ್ಷ ಪಂಚಾಯಿತಿಯವರು ಓಣಿ ಓಣಿಗೆ ಹೆಸರಿನ ಬೋರ್ಡು ಹಾಕಬೇಕೆಂದು ಗೊತ್ತುಮಾಡಿದರು. ಮುಂದಾಳು ಗುಡ್ಡದ ಓಣಿಯ ಸದಸ್ಯ ಶಿವಪುತ್ರ. ನನ್ನ ಕೈಯಲ್ಲೇ ಕಲಿತವನು. ನದಿಗಳಲ್ಲಿ ಅಷ್ಟಕ್ಕಷ್ಟೆ, ಆದರೆ ಮನುಷ್ಯ ಒಳ್ಳೆಯವನು. ಹಳೆಯ ಹೆಸರು ತೆಗೆದು ಒಂದನೇ ಕ್ರಾಸು, ಎರಡನೇ ಕ್ರಾಸು, ಮೂರನೇ ಕ್ರಾಸು ಎಂದು ಮಾಡೋಣ ಎಂಬುದು ಅವನ ವಿಚಾರ.

ಅವನಿಗೂ ಒಂದು ಹಳೆಯ ಗಾಯವಿತ್ತು, ಅದನ್ನು ಮರೆಯಬಾರದು. ಬಹಳ ಹಿಂದೆ ಅವನ ಅಕ್ಕನನ್ನು ನೋಡಲು ಕಿತ್ತೂರ ಕಡೆಯಿಂದ ವರನ ಕಡೆಯವರು ಬಂದಿದ್ದರು. ‘ಗುಡ್ಡದ ಓಣಿ’ ಎಂದು ಕೇಳಿಕೊಂಡು ಬಂದವರು ಗುಡ್ಡ ಕಂಡರು, ಹತ್ತಿದರು. ನೇರ ನಮ್ಮ ಕಾಕಾನ ಪಡಸಾಲೆಗೆ ಬಂದು ಕುಳಿತರು. ಉಣ್ಣುವ ಮೊದಲು ಬಂದವರ ಹೆಸರು ಕೇಳುವ ರೂಢಿ ನಮ್ಮಲ್ಲಿಲ್ಲ. ಕಾಕಾ ಎಲೆ ಅಡಿಕೆ ತಟ್ಟೆ ಮುಂದಿಟ್ಟ. ಚಿಗವ್ವ ಉಪ್ಪಿಟ್ಟು ಮಾಡಿದಳು, ಮೇಲೆ ಚುರುಮುರಿಯ ಸೂಸಲಾ, ಮೇಲೆ ಒತ್ತಾಯ. ಎಲ್ಲ ಮುಗಿದು ಅವಳು ಚಹಾ ತಂದಾಗ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡು, “ಹುಡುಗಿ ಎಷ್ಟನೆತ್ತ ಕಲ್ತಾಳ?” ಎಂದರು. ಚಿಗವ್ವ, “ನಾನು ನಾಕನೆತ್ತಾ. ನನ್ನ ಮಗಾ ಈಗ ಐದನೆತ್ತಾ,” ಎಂದಳು.

ಆಮೇಲೆ ಅವರನ್ನು ಕೆಳಗೆ ಕಳಿಸಿದರು. ಅಲ್ಲಿ ಹೋಳಿಗೆ ಮಾಡಿ ಕಾದಿದ್ದ ಶಿವಪುತ್ರನ ಮನೆಯಲ್ಲಿ ಈ ಗುಂಪು ಹೊಟ್ಟೆ ಮೇಲೆ ಕೈಯಿಟ್ಟು ‘ಬ್ಯಾಡ್ರಿ’ ಎಂದಿತು. ಹೋಳಿಗೆ ಬೇಡ ಎಂದವರು ಹೆಣ್ಣನ್ನೂ ಬೇಡ ಎಂದಂತೆ ಅವನ ಅಪ್ಪನಿಗೆ ಕೇಳಿಸಿತು. ಅವನು ಒಂದು ಮಾತಂದ, ಬಂದವರು ನಾಲ್ಕು ಅಂದರು. ಸಂಬಂಧ ಕೂಡಲಿಲ್ಲ. ಈಗ ಶಿವಪುತ್ರನ ಮಗಳಿಗೇ ಲಗ್ನ ಗೊತ್ತಾಗಿತ್ತು. ಬೀಗರು ದಾರಿ ತಪ್ಪಬಾರದು ಎಂಬ ಚಿಂತೆ ಅವನಿಗೆ.

ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಒಂದು ಸಂಜೆ ಊರು ಕೂಡಿತು. ಚಿಗವ್ವ ತನ್ನ ಸೊಸೆ ಸುಜಾತಾಳ ಭುಜ ಹಿಡಿದು ಬಂದು ಕುಳಿತಳು. ಸುಜಾತಾ ಬೈಲಹೊಂಗಲದ ಹೆಣ್ಣುಮಗಳು. ಬಂದು ಬಹಳ ವರ್ಷವಾದರೂ ಚಿಗವ್ವನ ಲೆಕ್ಕದಲ್ಲಿ ‘ನಿನ್ನೆ ಬಂದಾಕಿ’.

“ಸರ್ರ, ನೀವ ಹೇಳ್ರಿ,” ಎಂದು ಶಿವಪುತ್ರ ನನ್ನ ಕಡೆ ತಿರುಗಿದ. “ಕೊರಿಯರ್ ತರವ ದಿನಾ ಗುಡ್ಡಾ ಹತ್ತತಾನ. ಮ್ಯಾಲ ಹೋಗಿ ‘ಎಲ್ಲಿದ್ದೀರಿ’ ಅಂತ ಫೋನ್ ಮಾಡ್ತಾನ. ನಾ ಕೆಳಗ ನಿಂತ ಟಾವೆಲ್ ಬೀಸತೇನಿ. ಗುಡ್ಡದ ಓಣ್ಯಾಗ ಗುಡ್ಡಿಲ್ಲ, ಹೊಳಿ ಓಣ್ಯಾಗ ಹೊಳಿ ಇಲ್ಲ. ಇಲ್ಲದ್ದಕ್ಕ ಯಾಕ ಬೋರ್ಡು?”

“ನಿನ್ನ ಹೆಸರ ಶಿವಪುತ್ರ,” ಎಂದಳು ಚಿಗವ್ವ. “ನಿಮ್ಮಪ್ಪನ್ನ ನಾ ನೋಡೇನಿ. ಶಿವಾ ಆಗಿದ್ದಿಲ್ಲ. ನಿನ್ನ ಹೆಸರೂ ತಗಸೂಣೇನು?”

ಕಟ್ಟೆ ನಕ್ಕಿತು. ಶಿವಪುತ್ರನೂ ನಕ್ಕ, ಆದರೆ ಬಿಡಲಿಲ್ಲ. “ಯವ್ವಾ, ಈ ಹೆಸರಿನಿಂದ ನಮ್ಮಕ್ಕನ ಸಂಬಂಧ ಮುರದೈತ್ರಿ. ಮರತ್ರೇನು?”

“ಮರತಿಲ್ಲ. ಉಪ್ಪಿಟ್ಟ ಮಾಡಿದಾಕಿ ನಾನ. ನಿಮ್ಮಕ್ಕ ಈಗ ರಾಮದುರ್ಗದಾಗ ರಾಣಿ ಹಂಗ ಅದಾಳ. ಹೋಳಗಿ ಸಲುವಾಗಿ ಜಗಳಾ ತಗಿಯೂ ಮಂದಿ ಮನಿ ಸೇರಿದ್ದರ ಏನ ಸುಖಾ ಇತ್ತು? ದಾರಿ ತಪ್ಪಿದ್ದಕ್ಕ ಬಚಾವಾದ್ಲು.” ಆಮೇಲೆ ದನಿ ಇಳಿಸಿ, “ಅದ ಇರ್ಲಿ. ನಿನ್ನ ಮಗಳಿಗೆ ಮೊದಲ ಕೊಡಾ ಯಾರ ತರಬೇಕು?”

“ನೀವ ತರಬೇಕ್ರಿ. ಅದರಾಗೇನೈತಿ?”

“ನಾ ಯಾರು?”

“ನೀವು ಹೊಳಿ ಓಣಿ...” ಎಂದ ಶಿವಪುತ್ರ ಅಲ್ಲಿಗೇ ನಿಂತ.

“ಹೇಳು. ಮೂರನೇ ಕ್ರಾಸಿನ ಮುದುಕಿ ಅನ್ನು. ನನಗೇನು, ನನ್ನದು ಮುಗೀತು. ಮೊಣಕಾಲ ಸೋತಾವು. ಕೊಡಾ ಇಕೀಗೆ ಕೊಡಬೇಕಂತ ಮಾಡೇನಿ.” ಪಕ್ಕದಲ್ಲಿದ್ದ ಸುಜಾತಾಳ ಮಂಡಿಯ ಮೇಲೆ ಕೈಯಿಟ್ಟಳು. “ನಾ ಹೊಳೀ ನೋಡೇನಿ, ಹೊಳ್ಯಾಗ ಕೊಡಾ ತುಂಬೇನಿ. ಹೆಸರ ಹೋದರೂ ನನ್ನ ಕೈಯಾಗಿನ ನೀರ ಯಾರೂ ಬ್ಯಾಡ ಅನ್ನಂಗಿಲ್ಲ. ಇಕಿ ನೋಡಿಲ್ಲ. ಇಕೀಗಿರೂದು ಹೆಸರೊಂದ. ಅದನ್ನೂ ತಗದ ಮ್ಯಾಲ, ನಾಳೆ ಇಕಿ ಕೊಡಾ ಹೊತ್ತಕೊಂಡ ಬಂದ್ರ, ‘ನೀ ಯಾಕ ತಂದಿ, ನಮ್ಮ ಮನ್ಯಾಗೂ ನಳಾ ಐತಿ’ ಅಂತ ಕೇಳ್ತಾರ. ಏನ ಹೇಳಬೇಕ ಇಕಿ?”

ಹೀಗೆ ಮಾತು ಗಂಟುಬಿದ್ದ ಹೊತ್ತಿನಲ್ಲಿ ಮಾಸ್ತರನ ಕಡೆ ನೋಡುವುದು ನಮ್ಮೂರಿನ ಇನ್ನೊಂದು ಪದ್ಧತಿ. ಎಲ್ಲರೂ ನನ್ನ ಕಡೆ ನೋಡಿದರು.

ನನ್ನ ಸ್ಥಿತಿ ಇಕ್ಕಟ್ಟಿನದು. ಭೂಗೋಳಶಾಸ್ತ್ರ ಪೂರಾ ಶಿವಪುತ್ರನ ಕಡೆಗಿತ್ತು. ಶಾಸ್ತ್ರಕ್ಕೆ ಬೆನ್ನು ತಿರುಗಿಸಿದರೆ ಇಷ್ಟು ವರ್ಷ ಕಲಿಸಿದ್ದು ನೀರಿಗೆ ಹೋಗುತ್ತದೆ. ಚಿಗವ್ವನಿಗೆ ಬೆನ್ನು ತಿರುಗಿಸಿದರೆ ನಾನು ಎಲ್ಲಿಗೆ ಹೋಗಬೇಕೋ ಗೊತ್ತಿಲ್ಲ. ಇಕ್ಕಟ್ಟಿಗೆ ಸಿಕ್ಕ ಮಾಸ್ತರರು ಆಕಾಶ ನೋಡುತ್ತಾರೆ. ನಾನೂ ನೋಡಿದೆ. ಆಕಾಶಕ್ಕೂ ನನಗೂ ನಡುವೆ, ಹೊಳಿ ಓಣಿಯ ಕೊನೆಗೆ, ನೀರಿನ ಟಾಕಿ ನಿಂತಿತ್ತು. ಎತ್ತರದ ಜಾಗವೆಂದು ಅಲ್ಲಿ ಕಟ್ಟಿ ಇನ್ನೂ ಬಣ್ಣ ಮಾಸಿರಲಿಲ್ಲ. ಮನೆಮನೆಗೆ ನಳ ಬಂದದ್ದು ಅದರಿಂದಲೇ.

“ಶಿವಪುತ್ರ,” ಎಂದೆ, ಕ್ಲಾಸಿನ ದನಿ ತೆಗೆದು. “ಆ ಟಾಕಿಗೆ ನೀರ ಎಲ್ಲಿಂದ ಬರ್ತೈತಿ?”

“ಡ್ಯಾಮಿನ ಹಿನ್ನೀರಿಂದ್ರಿ. ಪೈಪ್‌ಲೈನ್ ನಾನ ನಿಂತ ಹಾಕ್ಸೇನಲ್ರಿ.”

“ಹಿನ್ನೀರ ಅಂದ್ರ ಯಾವ ಹೊಳಿ?”

“ಮಲಪ್ರಭಾರಿ.”

“ಟಾಕಿಯಿಂದ ಮೊದಲ ಯಾವ ಓಣಿಗೆ ಬರ್ತೈತಿ?”

ಅವನು ಟಾಕಿಯ ಕಡೆ ತಿರುಗಿ ನೋಡಿದ. ನದಿಗಳಲ್ಲಿ ಅಷ್ಟಕ್ಕಷ್ಟೆ ಎಂದು ನಾನು ತಪ್ಪು ತಿಳಿದಿದ್ದೆ. “ಹೊಳಿ ಓಣಿಗೆರಿ,” ಎಂದ. “ಆಮ್ಯಾಲ ನಡುವಿನ ಓಣಿ. ಆಮ್ಯಾಲ ನಾವು.”

ನಾನು ಎದ್ದು ನಿಂತು, ಯಾವುದೋ ಅಂತರರಾಷ್ಟ್ರೀಯ ಗಡಿ ತಂಟೆಯನ್ನು ಬಗೆಹರಿಸುವವನಂತೆ ಶಲ್ಯ ಸರಿಮಾಡಿಕೊಂಡು, ಈ ಊರಿಗೆ ಮಲಪ್ರಭೆ ಹೊಳಿ ಓಣಿಯ ಮೂಲಕವೇ ಪ್ರವೇಶಿಸುತ್ತಾಳೆಂದೂ, ಅಲ್ಲಿಂದ ಕೆಳಮುಖವಾಗಿ ಹರಿಯುತ್ತಾಳೆಂದೂ, ಆದ್ದರಿಂದ ಆ ಹೆಸರಿಗೆ ಭೂಗೋಳದ ಯಾವ ಆಕ್ಷೇಪವೂ ಇಲ್ಲವೆಂದೂ ಸಾರಿದೆ. ಗುಡ್ಡದ ಓಣಿಯ ಹೆಸರಿಗೆ ಆಧಾರವೇನೆಂದು ಯಾರಾದರೂ ಕೇಳಿಯಾರು ಎಂಬ ಭಯವಿತ್ತು. ಪುಣ್ಯಕ್ಕೆ ಯಾರೂ ಕೇಳಲಿಲ್ಲ.

ಚಿಗವ್ವ ಗೆದ್ದವಳಂತೆ ಕಾಣಲಿಲ್ಲ. ಟಾಕಿಯನ್ನೇ ನೋಡುತ್ತಿದ್ದಳು.

“ಖರೇನೇನೋ ಅದು? ನಾ ಬೋರಿನ ನೀರ ಅಂತ ತಿಳದಿದ್ದೆ. ನಮ್ಮೂರ ಮ್ಯಾಲ ನಿಂತದ್ದ ನೀರೇನದು?”

“ಹಿನ್ನೀರೆಲ್ಲಾ ಒಂದ ಐತಿ ಚಿಗವ್ವಾ. ನಮ್ಮೂರ ಮ್ಯಾಲಿಂದು ಇಷ್ಟು, ಬ್ಯಾರೆ ಊರ ಮ್ಯಾಲಿಂದು ಇಷ್ಟು ಅಂತ ಹೇಳಾಕ ಬರಂಗಿಲ್ಲ. ಆದರ ಅದರಾಗಿಂದು ಹೌದು.”

ಚಿಗವ್ವ ಸೊಸೆಯ ಕಡೆ ತಿರುಗಿ, “ನೋಡವಾ, ಇಷ್ಟ ದಿನಾ ಅದರಾಗ ಭಾಂಡಿ ತಿಕ್ಕೇನಿ ನಾ,” ಎಂದಳು.

ಶಿವಪುತ್ರನ ಮಗಳ ಲಗ್ನದ ದಿನ ಕೆಳಗಿನ ಬಾವಿಗೆ ಯಾರೂ ಹೋಗಲಿಲ್ಲ. ಟಾಕಿಯ ಬುಡದಲ್ಲಿರುವ ನಳಕ್ಕೆ ಅರಿಷಿಣ ಕುಂಕುಮ ಹಚ್ಚಿ, ಹೂ ಕಟ್ಟಿ, ಅಲ್ಲಿಯೇ ಕೊಡ ತುಂಬಿದರು. ಪಾವಟಿಗೆ ಇರಲಿಲ್ಲ, ಟಾಕಿಯ ಕಂಬದ ಸಿಮೆಂಟಿನ ಕಟ್ಟೆಯ ಮೇಲೆ ಚಿಗವ್ವ ಸುಜಾತಾಳನ್ನು ನಿಲ್ಲಿಸಿದಳು. ಕೊಡ ಎತ್ತುವಾಗ ನಾನು ಕೈ ಹಚ್ಚಲು ಹೋದೆ, ‘ನೀ ಸರಿ’ ಎಂದು ಮೊಣಕೈಯಿಂದ ನೂಕಿದಳು. ಸೊಸೆಯ ಸೊಂಟಕ್ಕೆ ಕೊಡ ಏರಿಸಿ, “ಇನ್ನ ನಿಂದು” ಎಂದಳು.

ಚಿಗವ್ವ ಮೇಲೆಯೇ ಉಳಿದಳು. ನಾವು ಸುಜಾತಾಳ ಹಿಂದೆ ಇಳಿಜಾರಿನಲ್ಲಿ ಕಾಲು ಬಿಗಿ ಹಿಡಿದು ನಡೆದೆವು. ಬೀಗರು ಹಿಂದಿನ ದಿನವೇ ಬಂದಿದ್ದರು; ಅವರೂ ದಾರಿ ತಪ್ಪಿ ಮೊದಲು ಕಾಕಾನ ಪಡಸಾಲೆಗೆ ಹೋಗಿ ಕುಳಿತು, ಚಹಾ ಮಾತ್ರ ಕುಡಿದು, ಅಲ್ಲಿಂದ ಕೆಳಗೆ ಹೋಗಿದ್ದರು. ಶಿವಪುತ್ರನ ಹೆಂಡತಿ ಬಾಗಿಲಲ್ಲಿ ನಿಂತು ಸುಜಾತಾಳ ಕಾಲಿಗೆ ನೀರು ಹಾಕಿ, “ಭಾಳ ಹೊತ್ತಾತಲ್ರಿ?” ಎಂದಳು.

“ಏನ ಮಾಡೂದ್ರಿ,” ಎಂದಳು ಹಳೆಯ ಊರನ್ನು ಎಂದೂ ಕಾಣದ ಬೈಲಹೊಂಗಲದ ಹೆಣ್ಣುಮಗಳು, “ತುಂಬಿದ ಕೊಡಾ ಹೊತ್ತಕೊಂಡು ಗುಡ್ಡದ ಓಣಿಗೆ ಏರಿ ಬರಬೇಕಲ್ರಿ.”

ಬೋರ್ಡನ್ನು ಟಾಕಿಯ ಕಂಬಕ್ಕೇ ಹಾಕಿದ್ದಾರೆ. ಹಸಿರು ಬಣ್ಣದ್ದು. ‘ಹೊಳಿ ಓಣಿ’ ಎಂದು ಬರೆದಿದೆ.